ಪೀಠ, ಪಾಸು, ಪೇಟ: ಅಧಿಕಾರವನ್ನು ವ್ಯಂಗ್ಯಚಿತ್ರಕ್ಕೆ ಇಳಿಸುವ ಬಗೆ

ವ್ಯಂಗ್ಯಚಿತ್ರ ಕಲಿಯಲು ಕೂತವರು ಸಾಮಾನ್ಯವಾಗಿ ಮುಖದಿಂದ ಶುರು ಮಾಡುತ್ತಾರೆ. ಶಾಸಕ ಅಂದರೆ ಡೊಳ್ಳುಹೊಟ್ಟೆ, ಸ್ವಾಮೀಜಿ ಅಂದರೆ ಗಡ್ಡ, ಅಧಿಕಾರಿ ಅಂದರೆ ಬೋಳುತಲೆ. ಹಾಸನದ ಕಟ್ಟಿನಕೆರೆ ಮಾರುಕಟ್ಟೆಯಲ್ಲಿ ಒಂದು ಸುತ್ತು ಹಾಕಿ ಬಂದರೆ ಇಂಥ ಹೊಟ್ಟೆ, ಗಡ್ಡ, ಬೋಳುತಲೆ ಬೇಕಾದಷ್ಟು ಸಿಗುತ್ತವೆ. ಅವರಲ್ಲಿ ಒಬ್ಬರಿಗೂ ಅಧಿಕಾರ ಇರುವುದಿಲ್ಲ. ಆದ್ದರಿಂದ ಮೊದಲು ನೋಡಬೇಕಾದ್ದು ಆ ಮನುಷ್ಯ ಎಲ್ಲಿ ಕೂತಿದ್ದಾನೆ, ಕೈಯಲ್ಲಿ ಏನು ಹಿಡಿದಿದ್ದಾನೆ, ಸುತ್ತ ನಿಂತವರ ಬೆನ್ನು ಎಷ್ಟು ಬಾಗಿದೆ ಅನ್ನುವುದನ್ನು. ಮುಖ ಆಮೇಲೆ.

ಮೊದಲು ವಸ್ತುಗಳ ಪಟ್ಟಿ

ಒಂದು ನೋಟ್‌ಬುಕ್ಕನ್ನು ಇದಕ್ಕೇ ಮೀಸಲಿಡಿ. ಎಡಪುಟದಲ್ಲಿ ರಾಜಕೀಯದ ವಸ್ತುಗಳು: ಕ್ರೇನಿನಲ್ಲಿ ತೂಗುವ ಸೇಬಿನ ಹಾರ, ಜೆಸಿಬಿ ಬಕೆಟ್ಟಿನಿಂದ ಸುರಿಯುವ ಹೂವು, ಮೈಸೂರು ಪೇಟ, ಶಾಲು, ಪ್ಲಾಸ್ಟಿಕ್ ಹಾಳೆ ಸುತ್ತಿದ ಹಣ್ಣಿನ ಬುಟ್ಟಿ, ಫ್ಲೆಕ್ಸ್, ಗುದ್ದಲಿಪೂಜೆಯ ಗುದ್ದಲಿ, ಶಂಕುಸ್ಥಾಪನೆಯ ಕಲ್ಲು, ಕುರ್ಚಿಯ ಬೆನ್ನಿಗೆ ಹಾಸಿದ ಬಿಳಿ ಟವೆಲು. ಬಲಪುಟದಲ್ಲಿ ಧಾರ್ಮಿಕ ಅಧಿಕಾರದ ವಸ್ತುಗಳು: ಎತ್ತರದ ಆಸನ, ಪಾದಪೂಜೆಯ ತಟ್ಟೆ, ಪಲ್ಲಕ್ಕಿ, ಹುಂಡಿ, ಫಲಮಂತ್ರಾಕ್ಷತೆ, ವಿಶೇಷ ದರ್ಶನದ ಪಾಸು. ಪ್ರತಿಯೊಂದನ್ನೂ ಮೂರು ಕೋನದಿಂದ ಬರೆದು ಅಭ್ಯಾಸ ಮಾಡಿ. ಟವೆಲು ಹಾಸಿದ ಕುರ್ಚಿಯನ್ನು ಕಣ್ಣುಮುಚ್ಚಿ ಬರೆಯುವಷ್ಟು ರೂಢಿಯಾಗಬೇಕು. ನಮ್ಮ ಸರ್ಕಾರಿ ಕಚೇರಿಯಲ್ಲಿ ಹುದ್ದೆಯನ್ನು ಸಾರುವುದು ನಾಮಫಲಕಕ್ಕಿಂತ ಆ ಟವೆಲು.

ಈ ಎರಡು ಪುಟಗಳ ನಡುವೆ ಗೆರೆ ಎಳೆದು ಒಂದಕ್ಕೊಂದು ಜೋಡಿಸುವುದೇ ಹಳೆಯ ಮತ್ತು ಇವತ್ತಿಗೂ ಕೈಕೊಡದ ಕಸರತ್ತು. ಗುದ್ದಲಿ ಮತ್ತು ಪಲ್ಲಕ್ಕಿ. ಹುಂಡಿ ಮತ್ತು ಮತಪೆಟ್ಟಿಗೆ. ಪಾದಪೂಜೆಯ ತಟ್ಟೆ ಮತ್ತು ಅನುದಾನದ ಚೆಕ್ಕು. ವೇದಿಕೆಯ ಮೇಲೆ ಆಸನಗಳ ಎತ್ತರವನ್ನು ಗಮನಿಸಿ: ಮಠದ ಸಭೆಯಲ್ಲಿ ಮಂತ್ರಿಯ ಕುರ್ಚಿ ಗುರುಗಳ ಆಸನಕ್ಕಿಂತ ಒಂದು ಗೇಣು ಕೆಳಗಿರುತ್ತದೆ. ಚುನಾವಣೆ ಹತ್ತಿರ ಬಂದಾಗ ಆ ಗೇಣು ಎಲ್ಲಿಗೆ ಹೋಗುತ್ತದೆ? ಚಿತ್ರಕ್ಕೆ ಅಷ್ಟು ಪ್ರಶ್ನೆ ಸಾಕು.

ಜರ್ಮನಿಯಲ್ಲಿ 1521ರಲ್ಲಿ ಲೂಕಾಸ್ ಕ್ರಾನಾಖ್ ಪೋಪರ ವಿರುದ್ಧ ಮಾಡಿದ ಮರದಚ್ಚಿನ ಚಿತ್ರಗಳು ಇಂಥ ಜೋಡಿಯ ಮೇಲೇ ನಿಂತಿವೆ. ಎಡಕ್ಕೆ ಶಿಷ್ಯರ ಕಾಲು ತೊಳೆಯುವ ಕ್ರಿಸ್ತ, ಬಲಕ್ಕೆ ರಾಜರಿಂದ ಕಾಲಿಗೆ ಮುತ್ತಿಡಿಸಿಕೊಳ್ಳುವ ಪೋಪ್. ಅಂಥ 13 ಜೋಡಿಗಳು. ಪೋಪರ ಮುಖವನ್ನು ವಿಕಾರ ಮಾಡುವ ಅಗತ್ಯವೇ ಬೀಳಲಿಲ್ಲ. ಪಕ್ಕಪಕ್ಕ ಇಟ್ಟದ್ದೇ ವ್ಯಂಗ್ಯ. ನಂಬಿಕೆಯನ್ನು ಮುಟ್ಟದೆ ಪೀಠವನ್ನು ಪ್ರಶ್ನಿಸಬೇಕೆನ್ನುವವರು ಮೊದಲು ಅಭ್ಯಾಸ ಮಾಡಬೇಕಾದ ವಿಧಾನ ಇದು: ಆ ಧರ್ಮವೇ ಹೇಳುವ ಮಾತು ಎಡಕ್ಕೆ, ಅದರ ಹೆಸರಿನಲ್ಲಿ ಕೂತವರ ನಡೆ ಬಲಕ್ಕೆ. ನಾವು ಓದುವುದು ಎಡದಿಂದ ಬಲಕ್ಕಾದ್ದರಿಂದ ಏಟು ಬಲಗಡೆಯೇ ಬೀಳಬೇಕು. ತಿರುಗಿಸಿ ಇಟ್ಟರೆ ಬಲಗಡೆಯ ಚಿತ್ರ ಉಪದೇಶದಂತೆ ಕಾಣುತ್ತದೆ.

ಒಂದು ಸುದ್ದಿಯಿಂದ ಒಂದು ಚಿತ್ರ

ಹಾಸನದ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಹಾಸನಾಂಬೆಯ ಬಾಗಿಲು ಆಶ್ವಯುಜ ಹುಣ್ಣಿಮೆಯ ನಂತರದ ಮೊದಲ ಗುರುವಾರ ತೆಗೆಯುತ್ತದೆ, ದೀಪಾವಳಿ ಮುಗಿಯುತ್ತಿದ್ದಂತೆ ಮುಚ್ಚುತ್ತದೆ. ವರ್ಷಕ್ಕೆ ಅಷ್ಟೇ ದಿನ. ಇತ್ತೀಚಿನ ವರ್ಷಗಳಲ್ಲಿ 300 ರೂಪಾಯಿಯ ಸಾಲು, 1000 ರೂಪಾಯಿಯ ಸಾಲು, ಧರ್ಮದರ್ಶನದ ಸಾಲು ಎಂದು ಬೇರೆಬೇರೆ ಸಾಲುಗಳು. ಇವೆಲ್ಲದರ ಮೇಲೆ ಗಣ್ಯರ ಪಾಸು. ಪ್ರತಿವರ್ಷ ಪಾಸಿನ ಜಗಳ ಸುದ್ದಿಯಾಗುತ್ತದೆ.

ಮೊದಲ ಹೆಜ್ಜೆ, ಸುದ್ದಿಯನ್ನು ‘ಆದರೆ’ ಇರುವ ಒಂದೇ ವಾಕ್ಯದಲ್ಲಿ ಬರೆಯುವುದು. ‘ತಾಯಿ ಎಲ್ಲರಿಗೂ ಒಂದೇ, ಆದರೆ ಸಾಲು ಬೇರೆಬೇರೆ.’ ‘ಆದರೆ’ ಸಿಗದಿದ್ದರೆ ಅಲ್ಲಿ ಚಿತ್ರವಿಲ್ಲ, ಬರೀ ಸಿಟ್ಟಿದೆ. ಇನ್ನೊಂದು ಸುದ್ದಿ ಹುಡುಕಿ.

ಎರಡನೆಯದು, ಹೊಳೆದದ್ದನ್ನೆಲ್ಲ ಪಟ್ಟಿ ಮಾಡುವುದು. ತಟ್ಟನೆ ಹೊಳೆಯುವುದು ಇದು: ಅಮ್ಮನ ಬಾಗಿಲು ವರ್ಷಕ್ಕೊಮ್ಮೆ ತೆಗೆಯುತ್ತದೆ, ಶಾಸಕರ ಮನೆ ಬಾಗಿಲು ಐದು ವರ್ಷಕ್ಕೊಮ್ಮೆ. ಚೆನ್ನಾಗಿದೆ. ಆದರೆ ಮೊದಲು ಹೊಳೆದದ್ದು ಎಲ್ಲರಿಗೂ ಹೊಳೆದಿರುತ್ತದೆ; ನಿಮ್ಮ ಶಾಯಿ ಒಣಗುವುದರೊಳಗೆ ಅದು ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿರುತ್ತದೆ. ಹಾಗಾಗಿ ಮೊದಲ ಎರಡನ್ನು ಬರೆದಿಟ್ಟು ಪಕ್ಕಕ್ಕೆ ಸರಿಸಿ. ಮೂರರಿಂದ ಆರರವರೆಗಿನ ಯೋಚನೆಗಳಲ್ಲಿ ಒಂದು ಉಳಿಯುತ್ತದೆ. ಇಲ್ಲಿ ‘ಧರ್ಮದರ್ಶನ’ ಎಂಬ ಫಲಕವನ್ನೇ ದಿಟ್ಟಿಸಿದರೆ ಗಂಟು ಬಿಚ್ಚಿಕೊಳ್ಳುತ್ತದೆ. ತಾಸುಗಟ್ಟಲೆ ನಿಂತವರ ಮುಂದೆಯೇ ಗಣ್ಯರ ದಂಡು ಹಾದು ಹೋಗುತ್ತದೆ. ಅಂದಮೇಲೆ ಧರ್ಮಕ್ಕೆ ಸಿಕ್ಕ ದರ್ಶನ ಯಾರದ್ದು?

ಸಾಲಿನಲ್ಲಿ ನಿಂತ ಇಬ್ಬರು ಹೆಂಗಸರು:
‘ದರ್ಶನ ಆಯ್ತೇನವ್ವಾ?’
‘ಆಯ್ತು ಕಣಕ್ಕ. ಮೂರ್ ಜನ ಶಾಸಕ್ರು, ಒಬ್ರು ಮಂತ್ರಿ.’

ಇಲ್ಲಿಗೆ ನಿಲ್ಲಿಸಬೇಕು. ‘ದೇವ್ರುದ್ದು ಇನ್ನಾ ಆಗಿಲ್ಲ’ ಎಂದು ಇನ್ನೊಂದು ಸಾಲು ಸೇರಿಸುವ ಆಸೆ ಆಗುತ್ತದೆ. ಸೇರಿಸಿದರೆ ನಗೆ ಸತ್ತಿತು. ಓದುಗ ತಾನೇ ಮುಟ್ಟಬೇಕಾದ ಮೆಟ್ಟಿಲನ್ನು ನೀವು ಹತ್ತಿ ತೋರಿಸಬಾರದು.

ಮೂರನೆಯದು ಚಿಕ್ಕ ಕರಡುಗಳು. 5 ಸೆಂ.ಮೀ. ಅಗಲ, 4 ಸೆಂ.ಮೀ. ಎತ್ತರದ ಆರೆಂಟು ಚೌಕ ಹಾಕಿ ಒಂದೊಂದರಲ್ಲೂ ಜೋಡಣೆ ಬದಲಿಸಿ. ಒಂದೊಂದಕ್ಕೆ ಮೂರು ನಿಮಿಷ ಸಾಕು. ಕಣ್ಣುಮೂಗು ಬೇಡ, ಮೊಟ್ಟೆಯಾಕಾರ ಮತ್ತು ಕಡ್ಡಿ ಮಾತ್ರ. ಈ ವಿಷಯಕ್ಕೆ ಒಪ್ಪುವ ಜೋಡಣೆ ಹೀಗೆ: ಎಡದ ಮೂರನೇ ಒಂದು ಭಾಗದಲ್ಲಿ ಬ್ಯಾರಿಕೇಡಿನ ಹಿಂದೆ ಸಾಲು, ತಲೆಗಳು ಸಣ್ಣವು. ಬ್ಯಾರಿಕೇಡು ಎಡಕೆಳಗಿನಿಂದ ಬಲಮೇಲಕ್ಕೆ ಓರೆಯಾಗಿ. ಬಲಕ್ಕೆ ದೊಡ್ಡದೊಡ್ಡ ಬೆನ್ನುಗಳು: ಒಂದು ಶಾಲಿನ ಬೆನ್ನು, ಒಂದು ಗನ್‌ಮ್ಯಾನಿನ ಬೆನ್ನು, ಮೇಲಕ್ಕೆತ್ತಿದ ನಾಲ್ಕು ಮೊಬೈಲು. ನೋಟದ ಮಟ್ಟ ಆ ಹೆಂಗಸರ ಕಣ್ಣಿನ ಮಟ್ಟದಲ್ಲೇ ಇರಬೇಕು. ಮೇಲಿನಿಂದ ನೋಡಿದಂತೆ ಬರೆದರೆ ಓದುಗ ಗಣ್ಯರ ಜೊತೆ ನಿಂತುಬಿಡುತ್ತಾನೆ. ಗರ್ಭಗುಡಿ ಚಿತ್ರದಲ್ಲಿ ಇಲ್ಲ. ಬಲ ಅಂಚಿನಿಂದ ದೀಪದ ಬೆಳಕು ಬೆನ್ನುಗಳ ಅಂಚಿಗೆ ಬಿದ್ದರೆ ಸಾಕು. ಅಮ್ಮನವರು ಚಿತ್ರದಲ್ಲಿ ಎಲ್ಲೂ ಇಲ್ಲ, ಇರಬಾರದು, ಜಗಳ ಅವರೊಂದಿಗಲ್ಲ. ಗಣ್ಯರ ಮುಖವೂ ಇಲ್ಲ, ಯಾಕೆಂದರೆ ಸಾಲಿನಲ್ಲಿದ್ದವರಿಗೆ ಕಂಡದ್ದು ಬೆನ್ನೇ.

ಕರಡು ಮುಗಿದ ಮೇಲೆ ಮಾತನ್ನು ಮುಚ್ಚಿ ಚಿತ್ರವನ್ನಷ್ಟೇ ಇಬ್ಬರಿಗೆ ತೋರಿಸಿ. ಒಬ್ಬರು ನಿಮ್ಮ ಅಭಿಪ್ರಾಯದವರು, ಇನ್ನೊಬ್ಬರು ಅಲ್ಲದವರು. ‘ಯಾರು ಮೇಲೆ, ಯಾರು ಕೆಳಗೆ?’ ಎಂಬ ಪ್ರಶ್ನೆಗೆ ಮೂರು ಸೆಕೆಂಡಿನಲ್ಲಿ ಉತ್ತರ ಬರದಿದ್ದರೆ ಜೋಡಣೆ ಬದಲಿಸಬೇಕು. ಮಾತಿನಿಂದ ಅದನ್ನು ಸರಿಪಡಿಸಲು ಹೋಗಬೇಡಿ.

ಮುಖ ಬೇಕೇಬೇಕಾದಾಗ

ನಿರ್ದಿಷ್ಟ ನಾಯಕನನ್ನೇ ಬರೆಯಬೇಕಾದರೆ 15–20 ಫೋಟೊ ಸೇರಿಸಿ. ಫ್ಲೆಕ್ಸಿನ ಫೋಟೊ ಬೇಡ. ಅದರಲ್ಲಿ ಎಲ್ಲರ ಕೆನ್ನೆಯೂ ಒಂದೇ ಬಣ್ಣದ್ದು, ಸುಕ್ಕೆಲ್ಲ ಮಾಯ. ಮಾತಾಡುವಾಗ, ತಿನ್ನುವಾಗ, ಬೇರೆಯವರ ಭಾಷಣ ಕೇಳುತ್ತ ಬೇಸರದಲ್ಲಿ ಕೂತಾಗ ತೆಗೆದವು ಬೇಕು. ಪಕ್ಕದಿಂದ ತೆಗೆದ ಎರಡಾದರೂ ಇರಲಿ.

ಹೋಲಿಕೆ ಹುಟ್ಟುವುದು ಸಾಮಾನ್ಯ ಮುಖದಿಂದ ಈ ಮುಖ ಎಲ್ಲಿ ಬೇರೆಯಾಗುತ್ತದೆ ಎಂಬುದರಲ್ಲಿ. ಸಾಮಾನ್ಯ ಅಳತೆ ಹೀಗಿದೆ: ತಲೆಯ ಎತ್ತರದ ಸರಿ ಅರ್ಧಕ್ಕೆ ಕಣ್ಣು, ಮುಖದ ಅಗಲ ಐದು ಕಣ್ಣಿನಷ್ಟು, ಎರಡು ಕಣ್ಣಿನ ನಡುವೆ ಒಂದು ಕಣ್ಣಿನ ಜಾಗ, ಕೂದಲಿನ ಅಂಚಿನಿಂದ ಹುಬ್ಬು, ಹುಬ್ಬಿನಿಂದ ಮೂಗಿನ ತುದಿ, ಅಲ್ಲಿಂದ ಗಲ್ಲ, ಈ ಮೂರೂ ಹೆಚ್ಚುಕಡಿಮೆ ಸಮ. ಫೋಟೊ ಮೇಲೆ ಈ ಗೆರೆಗಳನ್ನು ಎಳೆದರೆ ವ್ಯತ್ಯಾಸ ತಾನೇ ಎದ್ದು ಕಾಣುತ್ತದೆ. ಅವುಗಳಲ್ಲಿ ಎರಡನ್ನು ಹಿಗ್ಗಿಸಿ, ಒಂದನ್ನು ಕುಗ್ಗಿಸಿ. ಗಲ್ಲ ದೊಡ್ಡದಾದರೆ ಹಣೆ ಚಿಕ್ಕದಾಗಬೇಕು. ಒಟ್ಟು ಜಾಗ ಅಷ್ಟೇ ಇರುವುದು. ಎಲ್ಲವನ್ನೂ ಹಿಗ್ಗಿಸಿದರೆ ಮುಖ ಊದಿಕೊಳ್ಳುತ್ತದೆ, ಗುರುತು ಹೋಗುತ್ತದೆ. ಹೊಸಬರ ಕೈಯಲ್ಲಿ ಹೆಚ್ಚಾಗಿ ಕೆಡುವುದು ಇದೇ.

1978ರ ನವೆಂಬರಿನ ಚಿಕ್ಕಮಗಳೂರು ಉಪಚುನಾವಣೆ ದೇಶದ ಎಲ್ಲ ವ್ಯಂಗ್ಯಚಿತ್ರಕಾರರ ಮೇಜಿಗೆ ಬಂದಿತ್ತು. ಇಂದಿರಾ ಗಾಂಧಿಯವರನ್ನು ಗುರುತಿಸಲು ಅವರಿಗೆ ಬೇಕಾದದ್ದು ಎರಡೇ: ನೀಳ ಮೂಗು, ಕೂದಲಿನ ಬಿಳಿ ಪಟ್ಟೆ. ಎದುರಾಳಿ ವೀರೇಂದ್ರ ಪಾಟೀಲರ ಮುಖದಲ್ಲಿ ಅಂಥ ಕೊಕ್ಕೆ ಇರಲಿಲ್ಲ. ಅಂಥ ಮುಖಗಳಿಗೆ ಟೋಪಿ, ಕನ್ನಡಕ, ಹೆಗಲ ಶಾಲು, ನಿಲ್ಲುವ ಭಂಗಿ ಇವೇ ಗತಿ. ಆಯ್ದುಕೊಂಡ ಗುರುತನ್ನು ಮುಂದಿನ ಹತ್ತು ಚಿತ್ರಗಳಲ್ಲೂ ಬದಲಿಸದೆ ಬಳಸಿ. ಓದುಗರ ಕಣ್ಣು ಅದಕ್ಕೆ ಪಳಗುತ್ತದೆ.

ಇನ್ನೊಂದು ಅಭ್ಯಾಸ ಪ್ಯಾರಿಸ್ಸಿನ ನ್ಯಾಯಾಲಯದಿಂದ ಬಂದದ್ದು. ರಾಜ ಲೂಯಿ ಫಿಲಿಪ್‌ನನ್ನು ಅವಮಾನಿಸಿದ ಆರೋಪದ ಮೇಲೆ ಶಾರ್ಲ್ ಫಿಲಿಪೊನ್ 1831ರಲ್ಲಿ ಕಟಕಟೆಯಲ್ಲಿ ನಿಂತಾಗ ನಾಲ್ಕು ಚಿತ್ರ ಬರೆದು ತೋರಿಸಿದ: ಮೊದಲನೆಯದು ರಾಜನ ಮುಖ, ನಾಲ್ಕನೆಯದು ಬರೀ ಪೇರ್ ಹಣ್ಣು. ಎಷ್ಟನೆಯದಕ್ಕೆ ಶಿಕ್ಷೆ ಕೊಡುತ್ತೀರಿ ಎನ್ನುವುದು ಅವನ ವಾದ. ಶಿಕ್ಷೆ ತಪ್ಪಲಿಲ್ಲ, ಆದರೆ ಅಂದಿನಿಂದ ಊರಿನ ಗೋಡೆಗಳ ಮೇಲೆಲ್ಲ ಪೇರ್ ಹಣ್ಣೇ. ನೀವೂ ಒಂದು ಮುಖವನ್ನು ನಾಲ್ಕು ಹಂತದಲ್ಲಿ ಹಲಸಿನ ಹಣ್ಣು, ಸುವರ್ಣಗೆಡ್ಡೆ ಅಥವಾ ಕಾಫಿ ಬೀಜಕ್ಕೆ ಇಳಿಸಿ ನೋಡಿ. ಮೂರನೇ ಹಂತದಲ್ಲಿ ಗುರುತು ಉಳಿದಿದ್ದರೆ ನೀವು ಹಿಡಿದ ಲಕ್ಷಣ ಸರಿಯಾದದ್ದು.

ದೇಹದ ಅಳತೆ: ನಿಜದ ಮನುಷ್ಯ ಏಳೂವರೆ ತಲೆಯಷ್ಟು ಉದ್ದ, ವ್ಯಂಗ್ಯಚಿತ್ರದಲ್ಲಿ ಮೂರರಿಂದ ನಾಲ್ಕು ತಲೆ ಸಾಕು. ಜನಸಾಮಾನ್ಯನಿಗೂ ನಾಯಕನಿಗೂ ಒಂದೇ ಅಳತೆ ಹಿಡಿಯಿರಿ, ಇಲ್ಲದಿದ್ದರೆ ಇಬ್ಬರು ಎರಡು ಬೇರೆ ಚಿತ್ರಗಳಿಂದ ಕತ್ತರಿಸಿ ಅಂಟಿಸಿದವರಂತೆ ಕಾಣುತ್ತಾರೆ. ಬಣ್ಣ, ಜಾತಿ, ಅಂಗವಿಕಲತೆ, ಕಾಯಿಲೆ ಇವನ್ನು ಹಿಗ್ಗಿಸುವ ಪಟ್ಟಿಯಿಂದ ತೆಗೆಯಿರಿ. ಅವು ಅವರ ಅಧಿಕಾರದಿಂದ ಬಂದವಲ್ಲ.

ಪ್ರಾಣಿಗಳ ವಿಚಾರ

ಹಳೇಬೀಡಿನ ಹೊಯ್ಸಳೇಶ್ವರದ ಹೊರಗೋಡೆಯ ಪಟ್ಟಿಕೆಗಳಲ್ಲಿ ಮಕರವಿದೆ. ಮೊಸಳೆಯ ಬಾಯಿ, ಆನೆಯ ಸೊಂಡಿಲು, ಹಂದಿಯ ಮೈ, ಸಿಂಹದ ಕಾಲು, ನವಿಲಿನ ಬಾಲ ಎಂದು ಗೈಡುಗಳು ಬೆರಳಿಟ್ಟು ತೋರಿಸುತ್ತಾರೆ. ಪೆನ್ಸಿಲು ಹಿಡಿದು ಅದರ ಮುಂದೆ ಒಂದು ಗಂಟೆ ಕೂರುವುದು ಯಾವ ತರಗತಿಗಿಂತಲೂ ಮೇಲು. ಐದು ಪ್ರಾಣಿ ಸೇರಿದರೂ ಅದು ಒಂದೇ ಪ್ರಾಣಿಯಂತೆ ಕಾಣುವುದಕ್ಕೆ ಕಾರಣ ಬೆನ್ನಿನ ಗೆರೆ ಎಲ್ಲೂ ಮುರಿದಿಲ್ಲ; ಕೀಲುಗಳನ್ನು ಸುರುಳಿ ಅಲಂಕಾರದಿಂದ ಮುಚ್ಚಿದ್ದಾರೆ. ನಾಯಕನನ್ನು ಪ್ರಾಣಿಯಾಗಿಸುವಾಗಲೂ ಹಾಗೆಯೇ: ಹೊರಗೆರೆ ಒಂದೇ ಓಟದಲ್ಲಿ ಸಾಗಲಿ, ಕಣ್ಣು ಮತ್ತು ಕೈ ಮನುಷ್ಯನದ್ದಾಗಿ ಉಳಿಯಲಿ, ಕೀಲಿನ ಜಾಗದಲ್ಲಿ ಶಾಲು ಬರಲಿ.

ಯಾವ ಪ್ರಾಣಿ ಅನ್ನುವುದು ಅದಕ್ಕಿಂತ ಮುಖ್ಯ. ಕಪಟ ಭಕ್ತಿಗೆ ಬೆಕ್ಕು ನಮ್ಮಲ್ಲಿ ಬಹಳ ಹಳೆಯದು. ಮಹಾಬಲಿಪುರದ ಬಂಡೆಯ ಮೇಲೆ ಏಳನೇ ಶತಮಾನದ ಶಿಲ್ಪಿ ತಪಸ್ಸಿಗೆ ನಿಂತ ಬೆಕ್ಕನ್ನೂ ಅದರ ಕಾಲಬುಡದಲ್ಲಿ ಇಲಿಗಳನ್ನೂ ಕೆತ್ತಿದ್ದಾನೆ. ಹತ್ತೊಂಬತ್ತನೇ ಶತಮಾನದ ಕಾಳಿಘಾಟ್ ಪಟಗಳಲ್ಲಿ ಹಣೆಗೆ ತಿಲಕವಿಟ್ಟ ಬೆಕ್ಕಿನ ಬಾಯಲ್ಲಿ ಸಿಗಡಿ. ನಮ್ಮ ಬಕಧ್ಯಾನವೂ ಅದೇ ಜಾತಿಯದು. ಕೆರೆ ಒತ್ತುವರಿಯ ಸುದ್ದಿಗೆ ಬಕ ಹೇಳಿ ಮಾಡಿಸಿದ ಹಕ್ಕಿ. ಪಕ್ಷಾಂತರಕ್ಕೆ ಗೋಸುಂಬೆ ಸವೆದುಹೋಗಿದೆ, ಆದರೂ ನಡೆಯುತ್ತದೆ.

ನಾಗರಹಾವು ಬೇಡ. ಅಶ್ವತ್ಥಕಟ್ಟೆಯಲ್ಲಿ ನಾಗರಕಲ್ಲಿಗೆ ಹಾಲೆರೆಯುವ ಊರುಗಳಲ್ಲಿ ನಾಯಕನಿಗೆ ಹೆಡೆ ಬರೆದರೆ ಒಂದೋ ಓದುಗರಿಗೆ ನೋವು, ಇಲ್ಲವೇ ನಾಯಕನಿಗೆ ಪೂಜೆ. ಎರಡರಲ್ಲೂ ವ್ಯಂಗ್ಯಕ್ಕೆ ಜಾಗವಿಲ್ಲ. ಕೋತಿ ಪರವಾಗಿಲ್ಲ. ಅದೇ 1978ರಲ್ಲಿ ‘ಏಕ್ ಶೇರ್ನಿ ಸೌ ಲಂಗೂರ್, ಚಿಕ್‌ಮಗಳೂರ್ ಚಿಕ್‌ಮಗಳೂರ್’ (ಒಂದು ಸಿಂಹಿಣಿ, ನೂರು ಮುಸುವ) ಎಂಬ ಘೋಷಣೆ ಇಂದಿರಾ ವಿರೋಧಿಗಳನ್ನೆಲ್ಲ ಮುಸುವ ಮಾಡಿ ಕೂರಿಸಿತ್ತು. ಆದರೆ ಕೋತಿಯ ಕೈಗೆ ಗದೆ ಕೊಟ್ಟಿರೋ ಕತೆ ಬೇರೆಯಾಗುತ್ತದೆ. ಆನೆಯನ್ನು ಬರೆಯುವಾಗ ಸಕಲೇಶಪುರ, ಆಲೂರು, ಬೇಲೂರು ಕಡೆಯವರನ್ನು ನೆನೆಯಿರಿ; ಅಲ್ಲಿ ಕಾಡಾನೆ ಅಂದರೆ ತೋಟಕ್ಕೆ ಹೋದವರು ವಾಪಸು ಬರದ ಸುದ್ದಿ. ‘ಲಂಚ ಮೇಯುವ ಆನೆ’ ಬೆಂಗಳೂರಿನಲ್ಲಿ ನಗೆ ತರಿಸಿದರೂ ಅಲ್ಲಿ ತರಿಸುವುದಿಲ್ಲ.

ನಾಮ, ವಿಭೂತಿ, ದಂಡ

ಹಾಸನ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಮಠಗಳು ಒತ್ತೊತ್ತಾಗಿವೆ. ತಪ್ಪು ಚಿಹ್ನೆ ಬರೆದರೆ ಗುರಿ ತಪ್ಪಿ ಪಕ್ಕದ ಮಠಕ್ಕೆ ಬೀಳುತ್ತದೆ. ಅಡ್ಡ ಮೂರು ಗೆರೆಯ ವಿಭೂತಿ, ರುದ್ರಾಕ್ಷಿ, ಎದೆಯ ಮೇಲೆ ಇಷ್ಟಲಿಂಗ ಇದ್ದರೆ ಓದುಗ ವೀರಶೈವ ಲಿಂಗಾಯತ ಮಠ ಎನ್ನುತ್ತಾನೆ. ವಿಭೂತಿಯ ಜೊತೆ ಒಂಟಿ ದಂಡ, ತಲೆಯ ಮೇಲೆ ಹೊದ್ದ ಕಾವಿ ಇದ್ದರೆ ಕಣ್ಣು ಶೃಂಗೇರಿಗೆ ಹೋಗುತ್ತದೆ. ನೇರ ಗೋಪೀಚಂದನ, ಮೈಮೇಲೆ ಮುದ್ರೆ ಇದ್ದರೆ ಮಾಧ್ವ ಯತಿ. ತ್ರಿದಂಡ ಇದ್ದರೆ ಶ್ರೀವೈಷ್ಣವ. ನವಿಲುಗರಿಯ ಪಿಂಛಿ ಬಂದರೆ ಶ್ರವಣಬೆಳಗೊಳ. ಅಡ್ಡಪಲ್ಲಕ್ಕಿ ಬರೆದರೆ ಬಾಳೆಹೊನ್ನೂರು, ಶೃಂಗೇರಿಗಳೇ ನೆನಪಾಗುತ್ತವೆ.

ನಿಮ್ಮ ಟೀಕೆ ಒಂದು ಮಠದ್ದಲ್ಲ, ರಾಜಕೀಯಕ್ಕೆ ಒತ್ತಡ ಹಾಕುವ ಪೀಠಗಳ ಒಟ್ಟು ಚಾಳಿಯದು ಎಂದಾದರೆ ಹಣೆಯನ್ನು ಖಾಲಿ ಬಿಡಿ. ದಂಡ ಬೇಡ, ಮಾಲೆ ಬೇಡ. ಎತ್ತರದ ಆಸನ, ಹೊದ್ದ ಶಾಲು, ಮುಂದೆ ಮೈಕು, ಕೈಯಲ್ಲಿ ಸಂಪುಟ ವಿಸ್ತರಣೆಯ ಪಟ್ಟಿ. ಇಷ್ಟಕ್ಕೇ ಎಲ್ಲರಿಗೂ ಅರ್ಥವಾಗುತ್ತದೆ, ಒಬ್ಬರ ಹೆಸರೂ ಬರುವುದಿಲ್ಲ. ಜುಟ್ಟು, ನಾಮ, ಟೋಪಿ, ಗಡ್ಡ, ಶಿಲುಬೆ ಇವು ಒಂದು ಸಮುದಾಯದ ಎಲ್ಲರೂ ತೊಡುವಂಥವು. ಅವನ್ನೇ ನಗೆಗೀಡು ಮಾಡಿದರೆ ಏಟು ಅಡುಗೆ ಭಟ್ಟರಿಗೆ, ಆಟೊ ಓಡಿಸುವವನಿಗೆ, ತರಕಾರಿ ಮಾರುವವನಿಗೆ ಬೀಳುತ್ತದೆ. ಅಧಿಕಾರದಲ್ಲಿದ್ದವನು ಅವರ ಹಿಂದೆ ಅಡಗಿಕೊಂಡು ‘ನಮ್ಮ ಧರ್ಮಕ್ಕೆ ಅವಮಾನ’ ಎಂದು ಕೂಗಲು ನೀವೇ ದಾರಿ ಮಾಡಿಕೊಟ್ಟಂತೆ.

ಬಾಬಾಬುಡನ್‌ಗಿರಿಯಂಥ ವಿಷಯಕ್ಕೆ ಬಣ್ಣವೇ ಬೇಡ, ಕಪ್ಪುಬಿಳುಪೇ ಇರಲಿ. ಕೇಸರಿ ಅಥವಾ ಹಸಿರು ಒಂದು ಚುಕ್ಕೆ ಬಿದ್ದರೂ ಓದುಗ ಚಿತ್ರ ನೋಡುವುದನ್ನು ಬಿಟ್ಟು ನಿಮ್ಮ ಪಕ್ಷ ಹುಡುಕುತ್ತಾನೆ. ಗುಹೆಯನ್ನೂ ಪಾದುಕೆಯನ್ನೂ ಬಿಟ್ಟು, ಚುನಾವಣೆಗೆ ಮುಂಚೆ ಬೆಟ್ಟ ಹತ್ತಿ ಮುಗಿದ ಮೇಲೆ ಇಳಿಯುವ ಕಾರುಗಳ ಸಾಲನ್ನು ಬರೆಯಿರಿ.

ಕಾಗದ, ಶಾಯಿ, ಮಳೆ

ಸಾಮಾನು ಕಡಿಮೆ ಸಾಕು. ಎಚ್‌ಬಿ ಮತ್ತು 2ಬಿ ಪೆನ್ಸಿಲು, ಮೆತ್ತಗಿನ ರಬ್ಬರು, ಅದ್ದಿ ಬರೆಯುವ ನಿಬ್ಬು ಮತ್ತು ಹಿಡಿ, ನೀರಿಗೆ ಕರಗದ ಕಪ್ಪು ಡ್ರಾಯಿಂಗ್ ಇಂಕು, 2 ಮತ್ತು 4ನೇ ನಂಬರಿನ ದುಂಡು ಬ್ರಶ್ಶು, ತಿದ್ದಲು ಬಿಳಿ ಪೋಸ್ಟರ್ ಕಲರು. ನಿಬ್ಬು ಒಗ್ಗದವರಿಗೆ 0.3, 0.5, 0.8ರ ಪಿಗ್ಮೆಂಟ್ ಪೆನ್ನು. ಕಾಗದ 150 ಜಿಎಸ್‌ಎಂಗಿಂತ ಕಡಿಮೆ ಬೇಡ. ನಯವಾದ ಮೇಲ್ಮೈಯ ಐವರಿ ಶೀಟು ನಿಬ್ಬಿಗೆ ಒಪ್ಪುತ್ತದೆ. ಹೊಸ ನಿಬ್ಬಿಗೆ ಎಣ್ಣೆಯ ಲೇಪ ಇರುತ್ತದೆ. ಒರೆಸದೆ ಅದ್ದಿದರೆ ಶಾಯಿ ಹನಿಗಟ್ಟಿ ಜಾರುತ್ತದೆ. ಸೋಪುನೀರಿನಲ್ಲಿ ತೊಳೆದು ಒರೆಸಿ.

ಅಚ್ಚಾಗುವ ಅಳತೆಯ ಒಂದೂವರೆ ಅಥವಾ ಎರಡು ಪಟ್ಟು ದೊಡ್ಡದಾಗಿ ಬರೆಯಬೇಕು. ಎರಡು ಪಟ್ಟಿನಲ್ಲಿ ಎಳೆದ 0.2 ಮಿ.ಮೀ. ಗೆರೆ ಪತ್ರಿಕೆಯಲ್ಲಿ 0.1 ಆಗಿ ಅಲ್ಲಲ್ಲಿ ಮುರಿಯುತ್ತದೆ. ಹಾಗಾಗಿ ಅತಿ ತೆಳು ಗೆರೆ 0.3ಕ್ಕಿಂತ ಕೆಳಗೆ ಹೋಗಬಾರದು. ಕರಡನ್ನು ಕಿಟಕಿಯ ಗಾಜಿಗೋ, ಕೆಳಗೆ ದೀಪವಿಟ್ಟ ಗಾಜಿನ ಹಲಗೆಗೋ ಒತ್ತಿ ಹೊಸ ಹಾಳೆಗೆ ಇಳಿಸಿ. ಶಾಯಿ ಹಾಕುವ ಕ್ರಮ: ಮುಂದಿರುವ ವ್ಯಕ್ತಿಯ ಹೊರಗೆರೆ ದಪ್ಪ, ಹಿಂದಿನವು ತೆಳು, ಕೊನೆಗೆ ತುಂಬುವ ಕಪ್ಪು. ಚಿತ್ರದ ಕಾಲುಭಾಗದಿಂದ ಮೂರನೇ ಒಂದು ಭಾಗದವರೆಗೆ ಗಟ್ಟಿ ಕಪ್ಪು ಇದ್ದರೆ ದೂರದಿಂದಲೂ ಹಿಡಿಯುತ್ತದೆ. ಬಿಡಿಬಿಡಿಯಾಗಿ ಚೆಲ್ಲಿದ ಕಪ್ಪು ಕಣ್ಣನ್ನು ಅಲೆಸುತ್ತದೆ, ಒಂದೆಡೆ ಸೇರಿಸಿ.

ಮಳೆಗಾಲದ ಮಾತು ಬೇರೆ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಮೂಡಿಗೆರೆ, ಕೊಪ್ಪ, ಸಕಲೇಶಪುರದ ಮನೆಗಳಲ್ಲಿ ಕಾಗದ ತಣ್ಣನೆ ತಂಬುಳಿಯಂತಾಗಿರುತ್ತದೆ. ತೇವ ಕುಡಿದ ಹಾಳೆಯ ಮೇಲೆ ಶಾಯಿ ಬೇರು ಬಿಡುತ್ತದೆ, ಗೆರೆಯ ಅಂಚು ಗಡ್ಡ ಬೆಳೆದಂತೆ ಕಾಣುತ್ತದೆ. ಹಾಳೆಗಳನ್ನು ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಬೇಕಾದಷ್ಟನ್ನೇ ಹೊರತೆಗೆದು 60 ವ್ಯಾಟ್ ಬಲ್ಬಿನಿಂದ ಒಂದಡಿ ದೂರ ಹತ್ತು ನಿಮಿಷ ಹಿಡಿದರೆ ಹದಕ್ಕೆ ಬರುತ್ತದೆ. ಬಚ್ಚಲೊಲೆಯ ಮೇಲಿನ ಅಟ್ಟದಲ್ಲಿ ಒಣಗಿಸುವ ಉಪಾಯ ಅಡಿಕೆಗೆ ಸರಿ, ಕಾಗದಕ್ಕಲ್ಲ, ಹಳದಿಯಾಗಿ ಸೊಟ್ಟಗಾಗುತ್ತದೆ. ಪೆನ್ಸಿಲು ಅಳಿಸುವ ಮುಂಚೆ ಬೇಸಿಗೆಯಲ್ಲಿ ಅರ್ಧ ಗಂಟೆ ಬಿಟ್ಟರೆ ಸಾಕಾದದ್ದು ಆಷಾಢದಲ್ಲಿ ಮೂರು ಗಂಟೆ ಬೇಕು. ಅವಸರಕ್ಕೆ ರಬ್ಬರು ಹಾಕಿ ಮಂತ್ರಿಯ ಮುಖ ಮಸಿಯಾದರೆ ಅದು ವ್ಯಂಗ್ಯ ಅನ್ನಿಸಿಕೊಳ್ಳುವುದಿಲ್ಲ. ಕೆಲಸ ಮುಗಿದ ಕೂಡಲೇ ನಿಬ್ಬು ತೊಳೆದು ಒರೆಸಿ ತೆಂಗಿನೆಣ್ಣೆ ಸವರಿ, ಇಲ್ಲದಿದ್ದರೆ ತುಕ್ಕು.

ಚಿತ್ರದೊಳಗಿನ ಮಾತು

ಒಟ್ಟು ಮಾತು 12 ಪದ ದಾಟಬಾರದು. ಕನ್ನಡದ ಪದಗಳು ಉದ್ದ, ನಡುವೆ ಮುರಿದರೆ ಓದಲು ತೊಡಕು. ಆದ್ದರಿಂದ ಮೊದಲು ಅಕ್ಷರ ಬರೆದು ಆಮೇಲೆ ಸುತ್ತ ಬಲೂನು ಹಾಕಿ. ಬಲೂನು ಮೊದಲು ಬರೆದವರ ಕೊನೆಯ ಪದ ಯಾವಾಗಲೂ ಹೊರಗೆ ನೇತಾಡುತ್ತದೆ. ಅಕ್ಷರದ ಎತ್ತರ ಮೂಲಚಿತ್ರದಲ್ಲಿ 5 ಮಿ.ಮೀ. ಇದ್ದರೆ ಸಾಲಿನಿಂದ ಸಾಲಿಗೆ 10 ಮಿ.ಮೀ. ಬಿಡಿ. ಮೇಲಿನ ಗುಣಿತ, ಕೆಳಗಿನ ಒತ್ತು ಎರಡಕ್ಕೂ ಜಾಗ ಬೇಕು. ಇಂಗ್ಲಿಷ್ ಕಾಮಿಕ್ಸಿನ ಅಂತರ ಹಿಡಿದರೆ ‘ಕ್ಷ್ಮ’ದ ಬಾಲ ಕೆಳಸಾಲಿನ ಕೊಂಬಿಗೆ ಸಿಕ್ಕಿಕೊಳ್ಳುತ್ತದೆ.

ಆಡುಮಾತು ಊರಿನದ್ದಾಗಿರಲಿ. ಹೊಳೆನರಸೀಪುರದ ರೈತ ‘ಬತ್ತೀನಿ ಕಣಣ್ಣ’ ಎಂದರೆ ಶೃಂಗೇರಿಯವರು ‘ಬರ್ತೆ ಮಾರಾಯ್ರೆ’ ಎನ್ನುತ್ತಾರೆ. ಹಾಗೆಂದು ಬಡವರಿಗೆ ಮಾತ್ರ ಆಡುಮಾತು, ಅಧಿಕಾರಸ್ಥರಿಗೆ ಗ್ರಂಥಭಾಷೆ ಎಂದು ಹಂಚಬೇಡಿ. ಮಂತ್ರಿಯೂ ಅದೇ ಊರಿನವರು. ಗ್ರಂಥಭಾಷೆಯನ್ನು ಮೈಕಿನ ಮುಂದೆ ಇದ್ದಾಗ ಮಾತ್ರ ಕೊಟ್ಟು ನೋಡಿ, ಎಷ್ಟು ಕೆಲಸ ಮಾಡುತ್ತದೆ ಎಂದು. ವಸ್ತುಗಳ ಮೇಲೆ ‘ಭ್ರಷ್ಟಾಚಾರ’, ‘ಬೆಲೆ ಏರಿಕೆ’ ಎಂದು ಚೀಟಿ ಅಂಟಿಸುವ ಚಟ ಬಿಡಿ. ಚೀಟಿ ಬೇಕಾಯಿತು ಎಂದರೆ ರೂಪಕ ಸೋತಿದೆ ಎಂದರ್ಥ.

ಸ್ಕ್ಯಾನಿಂಗು 600 ಡಿಪಿಐನಲ್ಲಿ, ಗ್ರೇಸ್ಕೇಲಿನಲ್ಲಿ. ಮೊಬೈಲಿಗೆ 1080 ಪಿಕ್ಸೆಲ್ ಅಗಲ ಸಾಕು. ಕಂಪ್ಯೂಟರಿನಲ್ಲಿ ಅಕ್ಷರ ಹಾಕುವವರು ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪಿಸಿ ಕಳಿಸಿದರೆ ಬೇರೆ ಗಣಕದಲ್ಲಿ ಕಸಕಡ್ಡಿಯಾಗಿ ತೆರೆದುಕೊಳ್ಳಬಹುದು. ಅಕ್ಷರವನ್ನು ಚಿತ್ರವಾಗಿಸಿಯೇ ಕಳಿಸಿ. ಸಹಿ ಮತ್ತು ದಿನಾಂಕವನ್ನು ಮೂಲೆಯಲ್ಲಿ ಇಡಬೇಡಿ, ಕತ್ತರಿಸುತ್ತಾರೆ. ಕುರ್ಚಿಯ ಕಾಲಿಗೋ ಬ್ಯಾರಿಕೇಡಿಗೋ ತಾಗಿಸಿ. ಕೈಬರಹದ ಮಾತು ಚಿತ್ರದ ಗೆರೆಗೆ ಅಲ್ಲಲ್ಲಿ ತಾಗಿದ್ದರೆ ಅದನ್ನು ಅಳಿಸಿ ಬೇರೆ ಮಾತು ತುಂಬುವುದೂ ಸುಲಭವಲ್ಲ. ತಿರುಚಿದ ಬಲೂನಿನ ಸಿಟ್ಟು ನಿಮ್ಮ ಸಹಿಯ ಮೇಲೇ ಬೀಳುವುದು.

ಕಾನೂನಿನ ಗೆರೆ

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 299ನೇ ಕಲಂ ಹಳೆಯ ಭಾರತೀಯ ದಂಡ ಸಂಹಿತೆಯ 295ಎ. ಧಾರ್ಮಿಕ ಭಾವನೆಯನ್ನು ಉದ್ದೇಶಪೂರ್ವಕವಾಗಿ, ದುರುದ್ದೇಶದಿಂದ ಕೆರಳಿಸಿದರೆ ಮೂರು ವರ್ಷದವರೆಗೆ ಶಿಕ್ಷೆ. ದುರುದ್ದೇಶ ಎಂಬ ಪದವೇ ಇಲ್ಲಿ ಗಟ್ಟಿ. ದೇವರು, ಗ್ರಂಥ, ಪೂಜಾವಿಧಿ ಚಿತ್ರದಲ್ಲಿ ಇಲ್ಲದೆ ಪಾಸು, ಹುಂಡಿಯ ಲೆಕ್ಕ, ಕುರ್ಚಿ ಮಾತ್ರ ಇದ್ದರೆ ಆ ಆರೋಪ ನಿಲ್ಲುವುದು ಕಷ್ಟ. ಗುಂಪುಗಳ ನಡುವೆ ದ್ವೇಷ ಹುಟ್ಟಿಸುವುದಕ್ಕೆ 196. ಮಾನಹಾನಿಗೆ 356, ಎರಡು ವರ್ಷದವರೆಗೆ; ಸಾರ್ವಜನಿಕ ಸೇವಕರ ಸಾರ್ವಜನಿಕ ನಡವಳಿಕೆಯ ಬಗ್ಗೆ ಸದ್ಭಾವನೆಯಿಂದ ಹೇಳಿದ ಅಭಿಪ್ರಾಯಕ್ಕೆ ಅದರಲ್ಲೇ ವಿನಾಯಿತಿ ಇದೆ. ಆದ್ದರಿಂದ ನಾಯಕರ ಮನೆಯವರು, ಮಲಗುವ ಕೋಣೆ, ಕಾಯಿಲೆ ಚಿತ್ರಕ್ಕೆ ಬರಬಾರದು. ಕಡತ, ಟೆಂಡರು, ಭಾಷಣ ಬರಬಹುದು. ಲೈಂಗಿಕ ದೌರ್ಜನ್ಯದ ಪ್ರಕರಣವಾದರೆ ಸಂತ್ರಸ್ತೆಯ ನೆರಳೂ ಬೇಡ, ಗುರುತು ಬಯಲಾದರೆ 72ನೇ ಕಲಂ ಇದೆ. ಆರೋಪಿಯನ್ನು ಕಾಪಾಡಲು ನಿಂತವರ ಕೈಗಳನ್ನು ಬರೆಯಿರಿ. ಚುನಾವಣೆ ವೇಳೆ ಕರಪತ್ರವಾಗಿ ಅಚ್ಚು ಹಾಕಿಸಿದರೆ ಪ್ರಜಾಪ್ರತಿನಿಧಿ ಕಾಯ್ದೆಯ 127ಎ ಪ್ರಕಾರ ಮುದ್ರಕ, ಪ್ರಕಾಶಕರ ಹೆಸರು ವಿಳಾಸ ಕಡ್ಡಾಯ.

ಆನ್‌ಲೈನಿನಲ್ಲಿ ಆಕ್ಷೇಪಾರ್ಹ ಸಂದೇಶ ಕಳಿಸುವುದನ್ನು ಅಪರಾಧ ಎನ್ನುತ್ತಿದ್ದ ಐಟಿ ಕಾಯ್ದೆಯ 66ಎ ಕಲಮನ್ನು ಸುಪ್ರೀಂ ಕೋರ್ಟು 2015ರ ಮಾರ್ಚ್ 24ರಂದು ರದ್ದು ಮಾಡಿತು. ಆದರೆ ಬಿಡುಗಡೆಗೆ ಮುಂಚೆ ಬಂಧನ ಬರುತ್ತದೆ ಎನ್ನುವುದನ್ನು ಮರೆಯಬೇಡಿ. 2012ರಲ್ಲಿ ಕೋಲ್ಕತ್ತದ ಪ್ರಾಧ್ಯಾಪಕರೊಬ್ಬರು ಬಂಧನಕ್ಕೊಳಗಾದದ್ದು ವ್ಯಂಗ್ಯಚಿತ್ರ ಬರೆದದ್ದಕ್ಕಲ್ಲ, ಇಮೇಲಿನಲ್ಲಿ ಮುಂದಕ್ಕೆ ಕಳಿಸಿದ್ದಕ್ಕೆ.

ಕಾಲ ಕಳೆದಂತೆ ಚಿತ್ರದ ಅರ್ಥವೂ ಸರಿಯುತ್ತದೆ. ಸಂವಿಧಾನ ರಚನೆ ನಿಧಾನವಾಯಿತೆಂದು 1949ರಲ್ಲಿ ವ್ಯಂಗ್ಯಚಿತ್ರಕಾರ ಶಂಕರ್ ಬರೆದ ಚಿತ್ರದಲ್ಲಿ ಬಸವನಹುಳುವಿನ ಮೇಲೆ ಅಂಬೇಡ್ಕರ್ ಕೂತಿದ್ದಾರೆ, ಹಿಂದೆ ನೆಹರೂ ಚಾವಟಿ ಎತ್ತಿದ್ದಾರೆ. 2012ರಲ್ಲಿ ಅದು ಶಾಲಾ ಪಠ್ಯದಲ್ಲಿದ್ದದ್ದು ಸಂಸತ್ತಿನಲ್ಲಿ ಕೋಲಾಹಲವಾಯಿತು. ಶಂಕರರ ಕಣ್ಣಿಗೆ ಚಾವಟಿ ಅವಸರದ ಗುರುತು. ತಲೆಮಾರುಗಳಿಂದ ಚಾವಟಿ ಏಟು ತಿಂದವರ ಮಕ್ಕಳ ಕಣ್ಣಿಗೆ ಹಾಗಿರಲಿಲ್ಲ. ಚಾವಟಿ, ಚಪ್ಪಲಿ, ಪೊರಕೆ, ಹಗ್ಗ ಈ ನಾಲ್ಕನ್ನು ಬರೆಯುವ ಮುಂಚೆ ಯಾರ ಕೈಯಲ್ಲಿ, ಯಾರ ಎದುರು ಎಂದು ಎರಡು ಸಲ ನೋಡಿಕೊಳ್ಳಿ.

ಚಿತ್ರ ಕಳಿಸಿದ ಮೇಲೆ ಮೂಲ ಹಾಳೆಯ ಹಿಂದೆ ಪೆನ್ಸಿಲಿನಲ್ಲಿ ದಿನಾಂಕ ಬರೆದು, ಯಾವ ಸುದ್ದಿಗೆ ಬರೆದಿರೋ ಆ ಪತ್ರಿಕೆಯ ತುಣುಕನ್ನು ಲಕೋಟೆಯಲ್ಲಿ ಹಾಕಿ ಜೊತೆಗಿಡಿ. ನಾಳೆ ಯಾರಾದರೂ ಕೇಳಿದರೆ ಸದ್ಭಾವನೆಗೆ ಅದೇ ಸಾಕ್ಷಿ. ಸ್ಟೇಪ್ಲರ್ ಪಿನ್ನು ಮಾತ್ರ ಹಾಕಬೇಡಿ, ಒಂದೇ ಮಳೆಗಾಲಕ್ಕೆ ತುಕ್ಕು ಹಿಡಿದು ಶಾಸಕರ ಹಣೆಗೆ ಕುಂಕುಮ ಇಟ್ಟಂತಾಗುತ್ತದೆ.